ಒಂದು ಕುರ್ಚಿಗೆ ನಾಲ್ಕು ಸಬ್‌ವೂಫರ್

ಚುವಾ ಬೂನ್ ಲೈಯ ನಡುಮನೆಯಲ್ಲಿ ಕುರ್ಚಿ, ಸೋಫಾ ಎಲ್ಲ ಸೇರಿ ಒಂಬತ್ತು ಜನ ಕೂರಬಹುದಿತ್ತು. ಆದರೆ ಲೆಕ್ಕಕ್ಕೆ ಬರುತ್ತಿದ್ದದ್ದು ಒಂದೇ ಕುರ್ಚಿ. ಕಂದು ತೊಗಲಿನ, ಎತ್ತರದ ಬೆನ್ನಿನ ಆ ಕುರ್ಚಿ ಕೋಣೆಯ ನಟ್ಟನಡುವೆ ಇತ್ತು. ಅದರ ನಾಲ್ಕು ಕಾಲು ಎಲ್ಲಿ ಊರಬೇಕೆಂದು ನೆಲದ ಮೇಲೆ ಬಿಳಿ ಬಣ್ಣದಲ್ಲಿ ಗುರುತು ಹಾಕಿದ್ದ. ಗುಡಿಸುವಾಗ ಅದು ಅರ್ಧ ಇಂಚು ಸರಿದರೂ ಅವನ ಕಿವಿಗೆ ಗೊತ್ತಾಗುತ್ತಿತ್ತಂತೆ. ಅದು ಅವನ ಮಾತು. ಅವನ ಹೆಂಡತಿ ಗೆಕ್ ಚೂ ಒಮ್ಮೆ ಬೇಕೆಂದೇ ಒಂದು ಗೇಣು ಸರಿಸಿಟ್ಟಿದ್ದಳು. ಮಹಾಶಯ ಮೂರು ದಿನ ಅದರಲ್ಲೇ ಕೂತು, ಕಣ್ಣು ಮುಚ್ಚಿ, ಎಂದಿನಂತೆ ತಲೆದೂಗಿದ.

ಮೊದಲು ಆ ನಡುಮನೆಯಲ್ಲಿ ದೊಡ್ಡ ದುಂಡು ಮೇಜಿತ್ತು. ಚೀನೀ ಹೊಸ ವರ್ಷಕ್ಕೆ ನೆಂಟರೆಲ್ಲ ಅದರ ಸುತ್ತ ಕೂತು ಉಣ್ಣುತ್ತಿದ್ದರು. ಬೂನ್ ಲೈ ಬೈಕಿನ ಬಿಡಿಭಾಗಗಳ ಅಂಗಡಿಯನ್ನು ಮಾರಿ ಮನೆಯಲ್ಲಿ ಕೂತ ವರ್ಷ ಮೇಜು ಅಟ್ಟ ಸೇರಿತು, ಕಿಟಕಿಗಳಿಗೆ ಕಂಬಳಿಯಂಥ ಪರದೆಗಳು ಬಂದವು, ಆಳೆತ್ತರದ ಎರಡು ಸ್ಪೀಕರ್‌ಗಳು ಬಂದವು, ಮುಂದಿನ ಎಡಮೂಲೆಯಲ್ಲಿ ಬೇಸ್ ಎಂಬ ದಪ್ಪ ದನಿಯನ್ನಷ್ಟೇ ಹೊರಡಿಸುವ, ಪೆಟ್ಟಿಗೆಯಂಥ ಒಂದು ಸಬ್‌ವೂಫರ್ ಬಂದು ಕೂತಿತು. ನಲವತ್ತು ವರ್ಷ ಬ್ರೇಕ್ ಪ್ಯಾಡು, ಚೈನು, ಸ್ಪಾರ್ಕ್ ಪ್ಲಗ್ಗು ಮಾರಿದವನಿಗೆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಸಂಗೀತದ ಕಿವಿ ಹುಟ್ಟಿಬಿಟ್ಟಿತು. ಸಂಗೀತದ ಕಿವಿ ಎಂದರೆ ಸಂಗೀತ ಕೇಳುವ ಕಿವಿಯಲ್ಲ. ಯಾವ ಹಾಡು, ಯಾರು ಹಾಡಿದ್ದು ಎಂದು ಕೇಳಿದರೆ ತಡವರಿಸುತ್ತಿದ್ದ. ಯಾವ ಕೇಬಲ್ಲು, ದನಿ ಹೆಚ್ಚಿಸುವ ಯಾವ ವಾಲ್ವು ಎಂದು ಕೇಳಿದರೆ ಮಾತ್ರ ಊಟದ ಹೊತ್ತು ಮೀರಿದರೂ ಬಿಡುತ್ತಿರಲಿಲ್ಲ.

ಕೇಬಲ್‌ಗಳು ನೆಲಕ್ಕೆ ತಾಗಿದರೆ ದನಿ ಕೆಡುತ್ತದೆಂದು ಅವನ್ನು ಪಿಂಗಾಣಿಯ ಪುಟ್ಟ ಪೀಠಗಳ ಮೇಲೆ ಹಾಯಿಸಿದ್ದ. ಕೋಲಿನ ಮಾಪಿನಿಂದ ಒರೆಸಿದರೆ ಪೀಠ ಉರುಳುತ್ತದೆಂದು ಆ ಕೋಣೆಗೆ ಮಾಪು ಬರುವಂತಿರಲಿಲ್ಲ. ಹಾಗಾಗಿ ಗೆಕ್ ಚೂ ಹನ್ನೊಂದು ವರ್ಷದಿಂದ ಆ ನೆಲವನ್ನು ಮೊಣಕಾಲೂರಿ, ಕೈಯಲ್ಲಿ ಬಟ್ಟೆ ಹಿಡಿದು ಒರೆಸುತ್ತಿದ್ದಳು. ಅವಳು ಒರೆಸುವಾಗ ಅವನು ಕುರ್ಚಿಯಲ್ಲಿ ಕೂತು ಏನಾದರೊಂದು ಹಾಕಿಕೊಂಡು ಕೇಳುತ್ತಿದ್ದ. ಬಟ್ಟೆ ಹಿಂಡುವ ಸದ್ದು ಅಡ್ಡ ಬರುತ್ತದೆ ಎಂದು ಗೊಣಗುತ್ತಲೂ ಇದ್ದ.

ಗೆಕ್ ಚೂಗೂ ಒಂದು ಕುರ್ಚಿ ಕೊಟ್ಟಿದ್ದ, ಇಲ್ಲವೆನ್ನುವ ಹಾಗಿಲ್ಲ. ಬೆತ್ತದ್ದು. ಕೋಣೆಯ ಹಿಂಭಾಗದಲ್ಲಿ, ಎಡಗೋಡೆಗೆ ಒತ್ತಿಕೊಂಡು, ಅಡುಗೆಮನೆಯ ಬಾಗಿಲ ಪಕ್ಕ. ಟೀ ಬೇಕಾದಾಗ ಎದ್ದು ಹೋಗಲು ಅನುಕೂಲ ಎಂಬುದೇ ಆ ಜಾಗದ ಹಿರಿಮೆ. ಭಾನುವಾರ ಮಧ್ಯಾಹ್ನ ಬೂನ್ ಲೈಯ ಕೂಟದ ಐದಾರು ಗಂಡಸರು ಬಂದು ಹಿಂದಿನ ಸೋಫಾದ ಮೇಲೆ ಸಾಲಾಗಿ ಕೂರುತ್ತಿದ್ದರು. ಎಲ್ಲ ಅರವತ್ತು ದಾಟಿದವರು, ಎಲ್ಲರ ಮನೆಯಲ್ಲೂ ಇಂಥದೇ ಒಂದು ಕೋಣೆ, ಎಲ್ಲರಿಗೂ ತಮ್ಮ ಕೋಣೆಯೇ ಭೂಮಿಯ ನಡುಮಧ್ಯ. ಅವರಿಗೆ ಪುಟ್ಟ ಬಟ್ಟಲುಗಳಲ್ಲಿ ಕಡು ಟೀ, ಕಡಲೆಬೀಜದ ಚಿಕ್ಕಿ ಕೊಟ್ಟು ಅವಳು ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದಳು. ಟೇಪು ಓಡುವಾಗ ಯಾರೂ ಅಲುಗಾಡುವಂತಿಲ್ಲ, ಮೈ ಅಡ್ಡ ಬಂದರೆ ದನಿ ಒಡೆಯುತ್ತದೆ ಎಂಬುದು ಆ ಮನೆಯ ಕಟ್ಟಳೆ. ಒಬ್ಬ ಮುದುಕ ಒಮ್ಮೆ ಕೆಮ್ಮಿದ್ದಕ್ಕೆ ಮುಂದಿನ ಎರಡು ಭಾನುವಾರ ಕರೆ ಬರಲಿಲ್ಲ.

ಇಷ್ಟೆಲ್ಲ ಸಹಿಸಿಕೊಂಡು ಅವಳು ಪ್ರತಿ ಭಾನುವಾರ ಅಲ್ಲಿ ಕೂರುತ್ತಿದ್ದದ್ದು ಒಂದು ಟೇಪಿಗಾಗಿ. ಕೂಟ ಮುಗಿಯುವ ಮೊದಲು ಬೂನ್ ಲೈ ದೊಡ್ಡ ಸುರುಳಿಯ ಟೇಪೊಂದನ್ನು ಯಂತ್ರಕ್ಕೆ ಏರಿಸುತ್ತಿದ್ದ. "ಇದು ನನ್ನ ಪರೀಕ್ಷೆ ಟೇಪು. ಇಂಥ ಬೇಸ್ ನಿಮಗೆ ಯಾವ ಅಂಗಡೀಲೂ ಸಿಗಲ್ಲ" ಎನ್ನುತ್ತಿದ್ದ. ಅದು ಅವನ ಟೇಪಲ್ಲ. ಗೆಕ್ ಚೂಳ ಅಪ್ಪ ಲಿಮ್ ಆ ಹುವಾಟ್ ಸತ್ತವರಿಗೆ ಎಡೆ ಇಡುವ ಪ್ರೇತಗಳ ತಿಂಗಳಲ್ಲಿ ಗುಡಿಯ ಮುಂದೆ ದೊಡ್ಡ ನಗಾರಿ ಬಾರಿಸಿದ್ದನ್ನು ರೇಡಿಯೋದಲ್ಲಿ ಕೆಲಸಕ್ಕಿದ್ದ ಗೆಳೆಯನೊಬ್ಬ ಹಿಡಿದಿಟ್ಟ ಟೇಪದು. ಅದೇ ವರ್ಷ ಅಪ್ಪ ತೀರಿಕೊಂಡ. ಗೆಳೆಯ ಸುರುಳಿಯನ್ನು ಮಗಳ ಕೈಗಿಟ್ಟ. ಅದನ್ನು ಓಡಿಸುವ ಯಂತ್ರ ಮನೆಯಲ್ಲಿರಲಿಲ್ಲ. ಮೂವತ್ತು ವರ್ಷ ಅದು ಅವಳ ಬಟ್ಟೆಗಳ ನಡುವೆ ಮಲಗಿತ್ತು. ಬೂನ್ ಲೈ ಯಂತ್ರ ತಂದ ದಿನ ಅವಳೇ ಖುಷಿಯಿಂದ ತೆಗೆದುಕೊಟ್ಟಿದ್ದಳು. ಅಂದಿನಿಂದ ಯಂತ್ರವೂ ಅವನದು, ಟೇಪೂ ಅವನದು, ಸತ್ತ ಮಾವನೂ ಅವನದೇ.

ಆದರೆ ಗೆಕ್ ಚೂಗೆ ನಗಾರಿ ಕೇಳಿಸುತ್ತಿರಲಿಲ್ಲ. ತಾಳ, ಜಾಗಟೆ ಕೇಳಿಸುತ್ತಿದ್ದವು. ಕೋಲು ನಗಾರಿಯ ಅಂಚಿಗೆ ಬಡಿದ ಟಕ್ ಟಕ್ ಕೇಳಿಸುತ್ತಿತ್ತು. ಚರ್ಮ ಮೊಳಗುವುದು, ಚಿಕ್ಕವಳಿದ್ದಾಗ ಗುಡಿಯ ಅಂಗಳದಲ್ಲಿ ನಿಂತರೆ ಹೊಟ್ಟೆಯೊಳಗೇ ಬಂದು ಕೂರುತ್ತಿದ್ದ ಆ ಮೊಳಗು, ಅದು ಮಾತ್ರ ಇಲ್ಲ. ಅಪ್ಪನ ಬದಲು ಯಾರೋ ಹಲಗೆಯ ಮೇಲೆ ಕಡ್ಡಿ ಆಡಿಸಿದ ಹಾಗೆ ಇರುತ್ತಿತ್ತು. ಸಾಯುವುದರೊಳಗೆ ಒಂದು ಸಲವಾದರೂ ಅಪ್ಪನ ನಗಾರಿಯನ್ನು ಇಡಿಯಾಗಿ ಕೇಳಬೇಕು ಎಂಬುದು ಅವಳ ಆಸೆ. ಅದಕ್ಕಿಂತ ದೊಡ್ಡದೇನನ್ನೂ ಆ ಹೆಂಗಸು ಯಾರಲ್ಲೂ ಕೇಳಿರಲಿಲ್ಲ.

ಮೊದಲ ವರ್ಷವೇ ಗಂಡನಿಗೆ ಹೇಳಿದ್ದಳು.

"ಲಾವ್ ಚುವಾ, ನಂಗೆ ನಗಾರಿ ಕೇಳಿಸ್ತಾನೇ ಇಲ್ಲ ಕಣೋ ಮುದುಕಾ."

"ಕಿವಿ ತೋರಿಸ್ಕೊ," ಅಂದಿದ್ದ. "ಹೆಂಗಸರ ಕಿವಿಗೆ ಕೆಳಗಿನ ದನಿ ಹತ್ತಲ್ಲ. ನಾನು ಓದಿದೀನಿ."

ಎಲ್ಲಿ ಓದಿದನೋ ಅವನ ತಲೆ. ಪೆದ್ದು ಹೆಂಗಸು ನಂಬಿದಳು. ಮದುವೆಯಾಗಿ ಅಷ್ಟು ವರ್ಷ ಇವನ ಮಾತನ್ನು ಕೇಳಿ ಕೇಳಿ ತನ್ನ ಕಿವಿಗಿಂತ ಇವನ ಬಾಯಿಯನ್ನೇ ನಂಬುವುದು ರೂಢಿಯಾಗಿಬಿಟ್ಟಿತ್ತು. ತಾನೇ ಹಾಕಿಕೊಂಡು ಕೇಳೋಣವೆಂದರೆ ಹದಿನಾಲ್ಕು ಸ್ವಿಚ್ಚು. ಯಾವುದರ ನಂತರ ಯಾವುದೆಂದು ಅವನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ತಪ್ಪು ಒತ್ತಿದರೆ ವಾಲ್ವು ಸುಟ್ಟುಹೋಗುತ್ತದೆಂದು ಹೆದರಿಸಿಯೂ ಇಟ್ಟಿದ್ದ.

ಈ ನಡುವೆ ಹತ್ತಿರದ ದ್ವೀಪದಿಂದ ಕೂಟಕ್ಕೆ ಬರುವ ಹಲ್ಲಿನ ಡಾಕ್ಟರ್ ಊಯಿ ತನ್ನ ಕೋಣೆಯಲ್ಲಿ ಎರಡು ಸಬ್‌ವೂಫರ್ ಇಟ್ಟುಕೊಂಡ. ಸುದ್ದಿ ಬಂದ ದಿನ ಬೂನ್ ಲೈ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ವರ್ಷಕ್ಕೊಮ್ಮೆ ಕೂಟದವರೆಲ್ಲ ಒಬ್ಬನ ಮನೆಯಲ್ಲಿ ಸೇರಿ ಅವನ ಕೋಣೆಯನ್ನು ಅಳೆದು ತೂಗಿ ಹೊಗಳುವ 'ದೊಡ್ಡ ಭಾನುವಾರ' ಈ ಸಲ ಇವನ ಮನೆಯಲ್ಲೇ ಇತ್ತು. ಊಯಿ ಎರಡಿಟ್ಟಿದ್ದರೆ ತನಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಲು ಅವನಿಗೆ ಯಾವ ಶಾಸ್ತ್ರವೂ ಬೇಕಾಗಲಿಲ್ಲ. ಮುಂದಿನ ವಾರ ಲಾರಿ ಬಂತು. ಹಳೆಯದಕ್ಕೆ ಜೋಡಿಯಾಗಿ ಇನ್ನೂ ಮೂರು ಇಳಿದವು. ಒಂದೊಂದೂ ಅಕ್ಕಿ ಡಬ್ಬಕ್ಕಿಂತ ದೊಡ್ಡದು.

ಜೋಡಿಸಲು ಬಂದವನು ಅಜ್ಮಾನ್. ಮಸೀದಿಗಳಿಗೆ, ಮದುವೆ ಮಂಟಪಗಳಿಗೆ ಸ್ಪೀಕರ್ ಕಟ್ಟಿ ಕಟ್ಟಿ ತಲೆ ನರೆತ ಮಲಯದವನು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೋಣೆಯ ನಡುವೆ ನಿಂತು, ಎರಡು ಸಲ ಚಪ್ಪಾಳೆ ತಟ್ಟಿ ಕಿವಿಗೊಟ್ಟ. ಆಮೇಲೆ ಒಂದು ಮೈಕು, ಒಂದು ಲ್ಯಾಪ್‌ಟಾಪು ತೆಗೆದ.

"ನಾಲ್ಕೂ ಎಲ್ಲಿಡ್ಬೇಕು ಬಾಸ್?"

"ಹಳೇದು ಇರೋ ಮೂಲೆಲೇ. ಒಂದರ ಮೇಲೊಂದು," ಅಂದ ಬೂನ್ ಲೈ. "ನಾಲ್ಕು ಪಟ್ಟು ಬೇಸ್ ಬರ್ಬೇಕು."

ಅಜ್ಮಾನ್ ನಗಲಿಲ್ಲ. ಹೊಟ್ಟೆಪಾಡಿಗಾಗಿ ನಗು ನುಂಗುವುದು ಅವನಿಗೆ ಅಭ್ಯಾಸವಾಗಿತ್ತು.

"ಹಂಗಲ್ಲ ಬಾಸ್. ತೊಟ್ಟಿ ನೀರು ಒಂದು ಕಡೆಯಿಂದ ತಳ್ಳಿ ನೋಡಿ. ಕೆಲವು ಕಡೆ ಏರುತ್ತೆ, ಕೆಲವು ಕಡೆ ಅಲುಗಾಡೋದೇ ಇಲ್ಲ. ಕೋಣೇಲಿ ಬೇಸೂ ಅಷ್ಟೇ. ಒಂದೇ ಮೂಲೆಯಿಂದ ತಳ್ಳಿದ್ರೆ ಒಬ್ರು ಕೂತಲ್ಲಿ ಗುಡ್ಡ, ಇನ್ನೊಬ್ರು ಕೂತಲ್ಲಿ ಗುಂಡಿ. ನಾಲ್ಕನ್ನೂ ಅಲ್ಲೇ ಪೇರಿಸಿದ್ರೆ ಗುಡ್ಡ ಇನ್ನೂ ಎತ್ತರ ಆಗುತ್ತೆ, ಗುಂಡಿ ಗುಂಡಿಯಾಗೇ ಇರುತ್ತೆ. ಬೇರೆ ಬೇರೆ ಕಡೆ ಇಟ್ರೆ ಒಂದರ ಗುಂಡೀನ ಇನ್ನೊಂದು ತುಂಬುತ್ತೆ."

"ನನ್ನ ಕೋಣೇಲಿ ಗುಂಡಿ ಇಲ್ಲ."

"ಇದ್ದೇ ಇರುತ್ತೆ ಬಾಸ್. ಎಲ್ಲಾ ಕೋಣೇಲೂ ಇರುತ್ತೆ. ನೀವೇ ನೋಡ್ಬೇಕಂದ್ರೆ ನಾನು ಒಂದೇ ದಪ್ಪ ದನಿ ಬಿಡ್ತೀನಿ, ನೀವು ಗೋಡೆ ಪಕ್ಕ ನೆಲದ ಮೇಲೆ ತೆವಳ್ಕೊಂಡು ಹೋಗಿ. ಎಲ್ಲಿ ತುಂಬಿದೆ, ಎಲ್ಲಿ ಖಾಲಿ ಅಂತ ಕಿವಿಗೇ ಗೊತ್ತಾಗುತ್ತೆ. ನಾವೆಲ್ಲ ಹಂಗೇ ಮಾಡೋದು."

"ತೆವಳೋದಾ?" ಬೂನ್ ಲೈಯ ಮುಖ ಹುಳಿ ತಿಂದಂತಾಯಿತು. "ನಾನು ಈ ಊರಿನ ಗುಡಿ ಕಮಿಟಿಲಿ ಎರಡು ಸಲ ಅಧ್ಯಕ್ಷನಾಗಿದ್ದೋನು. ನನ್ನ ಮನೇಲಿ ನಾನು ನಾಲ್ಕು ಕಾಲಲ್ಲಿ ಓಡಾಡ್ಬೇಕಾ?"

ಟೀ ತಂದಿದ್ದ ಗೆಕ್ ಚೂ ತಟ್ಟೆಯನ್ನು ಕೈಯಲ್ಲೇ ಹಿಡಿದು ಹೇಳಿದಳು: "ನನ್ನ ಕುರ್ಚಿ ಹತ್ರ ಖಾಲಿ. ಏನೂ ಇಲ್ಲ. ಅಲ್ಲಿಂದ ಮುಂದಕ್ಕೆ ಬಂದ್ರೆ, ಆ ಕ್ಯಾಲೆಂಡರ್ ಕೆಳಗೆ ಹದವಾಗಿದೆ. ಗೋಡೆ ನಡುವಿಗೆ ಬಂದ್ರೆ ವಿಪರೀತ, ಹಲ್ಲು ಅದುರುತ್ತೆ. ಮತ್ತೆ ಮುಂದಕ್ಕೆ, ಆ ಪ್ಲಗ್ ಇರೋ ಕಡೆ, ಖಾಲಿ."

ಅಜ್ಮಾನ್ ಅವಳನ್ನೇ ನೋಡಿದ. "ನಿಮಗೆ ಹೆಂಗೆ ಗೊತ್ತು ಆಂಟಿ?"

"ದಿನಾ ನೆಲ ಒರೆಸ್ತೀನಲ್ಲ."

ಅವನು ದಪ್ಪ ದನಿ ಬಿಟ್ಟು, ಮೈಕನ್ನು ಎತ್ತಿಕೊಂಡು ಅವಳು ಹೇಳಿದ ಜಾಗಗಳಲ್ಲೆಲ್ಲ ಹಿಡಿದು ನೋಡಿದ. ಲ್ಯಾಪ್‌ಟಾಪಿನ ಗೆರೆ ಅವಳು ಹೇಳಿದ ಹಾಗೇ ಏರಿತು, ಹೇಳಿದ ಹಾಗೇ ಇಳಿಯಿತು. ಬೆತ್ತದ ಕುರ್ಚಿಯ ಹತ್ತಿರವಂತೂ ಗೆರೆ ಬಾವಿಗೆ ಬಿದ್ದಂತೆ ಬಿತ್ತು.

"ಇಲ್ಲಿ ಕೂತ್ಕೊಂಡು ನಿಮಗೆ ಏನು ಕೇಳಿಸುತ್ತೆ ಆಂಟಿ?"

"ಕೆಳಗಿನ ದನಿ ಏನೂ ಕೇಳಿಸಲ್ಲ. ನನ್ನ ಕಿವಿ ಹಂಗೆ."

"ನಿಮ್ಮ ಕಿವಿ ಚೆನ್ನಾಗಿದೆ," ಅಂದ ಅಜ್ಮಾನ್. "ಈ ಜಾಗ ಹಂಗೆ. ಇಲ್ಲಿ ಯಾರು ಕೂತ್ರೂ ಕೇಳ್ಸಲ್ಲ."

ಗೆಕ್ ಚೂ ಟೀ ತಟ್ಟೆಯನ್ನು ಕೆಳಗಿಟ್ಟಳು. ಹನ್ನೊಂದು ವರ್ಷ ಅವಳು ತನ್ನನ್ನು ಅರೆಕಿವುಡಿ ಎಂದುಕೊಂಡಿದ್ದಳು. ನೆಲ ಒರೆಸುವಾಗ ಅಲ್ಲಲ್ಲಿ ದನಿ ದಪ್ಪವಾಗುವುದು, ತೆಳ್ಳಗಾಗುವುದು ಗೊತ್ತಾಗಿದ್ದರೂ ಅದನ್ನೂ ಇದನ್ನೂ ಕೂಡಿಸಿ ನೋಡುವ ಧೈರ್ಯ ಬಂದಿರಲಿಲ್ಲ. ಗಂಡನ ಮೇಲೆ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದಕ್ಕಿಂತ ಹೆಚ್ಚು ಸಿಟ್ಟು ತನ್ನ ಮೇಲೆಯೇ ಬಂತು.

ಅಜ್ಮಾನ್ ಲೆಕ್ಕ ಹಾಕಿ ಹೇಳಿದ: ನಾಲ್ಕು ಗೋಡೆಗಳ ನಡುಮಧ್ಯಕ್ಕೆ ಒಂದೊಂದು. ಆಗ ಸೋಫಾ ಮೇಲೆ ಕೂತವರಿಗೂ, ಬೆತ್ತದ ಕುರ್ಚಿಗೂ, ತೊಗಲಿನ ಕುರ್ಚಿಗೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತದೆ.

"ನನ್ನ ಕುರ್ಚಿಗೆ ಹೆಚ್ಚೇನು?" ಎಂದು ಕೇಳಿದ ಬೂನ್ ಲೈ.

"ಹೆಚ್ಚೇನಿಲ್ಲ ಬಾಸ್. ಈಗ ನಿಮ್ಮ ಕುರ್ಚೀಲಿ ಒಂದೇ ದನಿ ಊದ್ಕೊಂಡಿದೆ. ಅದು ಇಳಿಯುತ್ತೆ. ಎಲ್ಲಾರಿಗೂ ಸಮ ಆಗುತ್ತೆ."

"ಎಲ್ಲಾರಿಗೂ ಸಮ ಮಾಡ್ಬೇಕಿದ್ರೆ ನಾನು ಸಿನಿಮಾ ಟಾಕೀಸ್ ಕಟ್ಟಿಸ್ತಿದ್ದೆ. ಮೂಲೇಲೇ ಪೇರಿಸು."

ಪೇರಿಸಿದ. ಎರಡರ ಮೇಲೆ ಎರಡು. ನಾಲ್ಕು ಎಮ್ಮೆಗಳನ್ನು ಒಂದೇ ಗೂಟಕ್ಕೆ ಕಟ್ಟಿದ ಹಾಗೆ ಕಾಣುತ್ತಿತ್ತು. ಹೋಗುವಾಗ ಅಜ್ಮಾನ್ ಗೋಡೆಯಿಂದ ಗೋಡೆಗೆ ಮುಟ್ಟುವಷ್ಟು ಉದ್ದದ ಕೇಬಲ್ ಸುರುಳಿಗಳನ್ನು ಗೆಕ್ ಚೂಳ ಕೈಗೆ ಕೊಟ್ಟ. "ಬಾಸ್ ಮನಸ್ಸು ಬದಲಾದ್ರೆ ಇರಲಿ ಆಂಟಿ. ಈ ತುದಿ ತೆಗೆದು ಇದು ಸಿಕ್ಕಿಸಿದ್ರೆ ಆಯ್ತು, ಟೇಬಲ್ ಫ್ಯಾನಿಗಿಂತ ಸುಲಭ" ಎಂದ. ಬಾಸ್‌ನ ಮನಸ್ಸು ಬದಲಾಗುವ ಜಾತಿಯದಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮಾರನೆಯ ಬೆಳಗ್ಗೆ ಗಂಜಿ ಬಡಿಸುತ್ತ ಗೆಕ್ ಚೂ ಕೇಳಿದಳು.

"ಇವತ್ತು ಅಪ್ಪನ ಟೇಪ್ ಹಾಕು. ನಾನು ಒಂದ್ಸಲ ನಿನ್ನ ಕುರ್ಚೀಲಿ ಕೂತು ಕೇಳ್ತೀನಿ."

ಬೂನ್ ಲೈ ಉಪ್ಪಿನಕಾಯಿ ಮೂಲಂಗಿಯನ್ನು ನಿಧಾನವಾಗಿ ಅಗಿದ. "ಟೇಪು ಹಳೇದಾಗಿದೆ ಆ-ಚೂ. ಹಾಕಿದಾಗೆಲ್ಲ ಪುಡಿ ಉದುರುತ್ತೆ. ಇನ್ನು ಎಷ್ಟು ಸಲ ಬರುತ್ತೋ ಏನೋ. ದೊಡ್ಡ ಭಾನುವಾರಕ್ಕೆ ಉಳಿಸ್ಬೇಕು. ಸುಮ್ ಸುಮ್ನೆ ಹಾಕಕ್ಕಾಗಲ್ಲ."

ಸುಮ್ ಸುಮ್ನೆ. ಕಂಡಕಂಡವರಿಗೆಲ್ಲ ಹಾಕಿ ತೋರಿಸಿ, ಮೀಸೆ ತಿರುವಿ, ಟೇಪನ್ನು ಪುಡಿ ಮಾಡಿದವನು, ಬಾರಿಸಿದವನ ಮಗಳೇ ಕೇಳಿದರೆ ಸುಮ್ ಸುಮ್ನೆ ಎನ್ನುತ್ತಾನೆ. ಗೆಕ್ ಚೂ ಅವನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಲಿಲ್ಲ.

ದೊಡ್ಡ ಭಾನುವಾರ ಏಳು ಜನ ಬಂದರು. ಡಾಕ್ಟರ್ ಊಯಿ ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದ. ಮೂಲೆಯಲ್ಲಿ ಪೇರಿಸಿದ್ದನ್ನು ನೋಡಿ ಹುಬ್ಬೇರಿಸಿದ.

"ಏನು ಚುವಾ ಹಿಯಾ, ಏನಣ್ಣಾ ಇದು, ಗೋಡೌನ್ ಮಾಡ್ಬಿಟ್ಟಿದೀರಾ?"

"ನಾಲ್ಕು," ಅಂದ ಬೂನ್ ಲೈ. "ಎಣಿಸಿ ನೋಡಿ ಡಾಕ್ಟ್ರೇ. ಹಲ್ಲು ಎಣಿಸಿ ಅಭ್ಯಾಸ ಇದೆಯಲ್ಲ."

ಎಲ್ಲರೂ ಅವರವರ ಜಾಗದಲ್ಲಿ ಕೂತರು. ಹುರಿದ ಮೂಲಂಗಿ ಕಡುಬು ಬಂತು, ಟೀ ಬಂತು. ಒಂದು ಗಂಟೆ ಏನೇನೋ ಹಾಕಿದ: ಗುಡುಗು, ರೈಲು, ಯಾವುದೋ ಚರ್ಚಿನ ಆರ್ಗನ್ನು. ಸೋಫಾದವರಿಗೆ ಬೆನ್ನ ಹಿಂದಿನ ಗೋಡೆಯೇ ಗುಮ್ಮೆಂದು ಗುದ್ದಿದಂತಾಗುತ್ತಿತ್ತು. ಅವರು ಅದನ್ನೇ ಸುಖವೆಂದು ಬಗೆದು, ಕಡುಬು ಅಗಿಯುವುದನ್ನು ನಿಲ್ಲಿಸಿ, ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಅಷ್ಟು ವಯಸ್ಸಾದ ಗಂಡಸರು ಗುಡುಗಿನ ಸದ್ದಿಗೆ ಅಷ್ಟು ಗಂಭೀರವಾಗಿ ತಲೆಯಾಡಿಸುವುದನ್ನು ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸಬೇಕು.

ಕೊನೆಗೆ ಟೇಪನ್ನು ಏರಿಸಿದ. "ಈಗ ಯಾರೂ ಅಲುಗಾಡ್ಬೇಡಿ" ಎಂದು ಹೇಳಿ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ.

ತಾಳ ಬಂತು. ಜಾಗಟೆ ಬಂತು. ಅಂಚಿನ ಮೇಲೆ ಟಕ್ ಟಕ್ ಬಂತು. ನಾಲ್ಕು ಸಬ್‌ವೂಫರ್ ಇದ್ದರೂ ಬೆತ್ತದ ಕುರ್ಚಿಗೆ ಅಷ್ಟೇ. ಗೆಕ್ ಚೂ ಕುರ್ಚಿಯಿಂದ ಇಳಿದು, ಮೊಣಕಾಲೂರಿ, ದಿನವೂ ಒರೆಸುವ ನೆಲದ ಮೇಲೆ ಗೋಡೆಯ ಪಕ್ಕ ತೆವಳತೊಡಗಿದಳು.

ಸೋಫಾದ ಮೇಲಿನವರು ಉಸಿರು ಬಿಗಿಹಿಡಿದರು. ಅವಳು ಬೆಳ್ಳಿಯ ಬಣ್ಣದ ಕೇಬಲ್ಲನ್ನು ದಾಟಿದಳು, ಪಿಂಗಾಣಿ ಪೀಠವೊಂದು ಉರುಳಿತು. ಕ್ಯಾಲೆಂಡರ್ ಕೆಳಗೆ ಬಂದು ಗೋಡೆಗೆ ಕಿವಿ ಹತ್ತಿರ ಮಾಡಿ ಕೂತಳು.

ಅಲ್ಲಿತ್ತು. ಗುಡಿಯ ಅಂಗಳದಲ್ಲಿ ಇದ್ದದ್ದೇ. ಧಂ ಎಂದು ಎದ್ದು, ನೆಲದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹೊಟ್ಟೆಗೆ ಬಂತು.

"ಆ-ಚೂ," ಬೂನ್ ಲೈ ಕಣ್ಣು ಬಿಟ್ಟಿದ್ದ. ಕುತ್ತಿಗೆ ಕೆಂಪಾಗಿತ್ತು. "ಏನು ಮಾಡ್ತಿದೀಯಾ? ಏಳು. ಬಂದೋರ ಮುಂದೆ ನನ್ನ ಮಾನ ಕಳೀತೀಯಾ?"

"ಸುಮ್ನಿರು," ಅಂದಳು ಅವಳು. "ನಮ್ಮಪ್ಪ ಬಾರಿಸ್ತಿದಾನೆ."

ಆ ಕೋಣೆಯಲ್ಲಿ ಅವನಿಗೆ ಸುಮ್ನಿರು ಎಂದವರು ಈವರೆಗೆ ಯಾರೂ ಇರಲಿಲ್ಲ. ಅವನು ಎದ್ದು ಯಂತ್ರವನ್ನು ನಿಲ್ಲಿಸಿದ. ಮೊದಲು ಬಾಯಿ ತೆರೆದವನು ಡಾಕ್ಟರ್ ಊಯಿ.

"ಆ-ಸೋ, ಅಲ್ಲಿ ಏನು ಕೇಳಿಸ್ತು ಅತ್ತಿಗೆ?"

"ನಗಾರಿ. ನನ್ನ ಕುರ್ಚೀಲಿ ಕೂತ್ರೆ ಇಲ್ಲ, ಇಲ್ಲಿದೆ. ಈ ಪೆಟ್ಟಿಗೆಗಳನ್ನ ನಾಲ್ಕು ಗೋಡೆ ನಡುವೆ ಇಟ್ರೆ ಎಲ್ಲಾ ಕಡೆನೂ ಇರುತ್ತಂತೆ. ಅಜ್ಮಾನ್ ಹೇಳ್ದ. ಇವನು ಬೇಡ ಅಂದ."

"ಬೇಡ ಅಂದ್ರಾ?" ಊಯಿಯ ಮುಖ ಅರಳಿತು. ಹೆಂಗಸಿನ ಮೇಲಿನ ಕರುಣೆಯಿಂದ ಅರಳಿತೆಂದು ಯಾರೂ ತಿಳಿಯಬಾರದು. ಬೂನ್ ಲೈಯ ಕೋಣೆಯಲ್ಲಿ ತಪ್ಪು ಸಿಕ್ಕಿತಲ್ಲ ಎಂಬ ಸಂತೋಷ ಅದು. "ಇಟ್ಟು ನೋಡಿಯೇ ಬಿಡೋಣ ಹಿಯಾ. ನಿಮ್ಮ ಕೋಣೆಗೆ ಹೆದರಿಕೆ ಯಾಕೆ?"

"ಟೇಪು ತಡೆಯಲ್ಲ," ಅಂದ ಬೂನ್ ಲೈ. "ಇವತ್ತಿಗೆ ಒಂದೇ ಸಲ ಅಂತ ಇಟ್ಟಿದ್ದೆ."

"ಟೇಪು ನಂದು," ಅಂದಳು ಗೆಕ್ ಚೂ, ನೆಲದಿಂದಲೇ. "ಪುಡಿಯಾದ್ರೆ ಆಗ್ಲಿ."

ಬಿಳಿ ಪ್ಯಾಂಟಿನ ಡಾಕ್ಟರ್ ಮೊದಲು ಕೈ ಹಾಕಿದ. ಉಳಿದವರೂ ಎದ್ದರು, ಏದುಸಿರು ಬಿಡುತ್ತ, ಸೊಂಟ ಹಿಡಿದುಕೊಂಡು, ಒಂದೊಂದು ಪೆಟ್ಟಿಗೆಗೆ ಇಬ್ಬರು ಮೂವರಂತೆ ಎಳೆದರು. ಗೆಕ್ ಚೂ ಅಡುಗೆಮನೆಯಿಂದ ಅಜ್ಮಾನ್ ಕೊಟ್ಟ ಕೇಬಲ್‌ಗಳನ್ನು ತಂದು ತುದಿಗೆ ತುದಿ ಸಿಕ್ಕಿಸಿದಳು. ಒಂದು ಮುಂದಿನ ಗೋಡೆಗೆ, ಒಂದು ಸೋಫಾದ ಹಿಂದೆ, ಎರಡು ಪಕ್ಕದ ಗೋಡೆಗಳಿಗೆ. ಅಷ್ಟು ಹೊತ್ತೂ ಬೂನ್ ಲೈ ತೊಗಲಿನ ಕುರ್ಚಿಯ ತೋಳು ಹಿಡಿದು ನಿಂತಿದ್ದ, ಅದನ್ನೂ ಎಲ್ಲಿ ಎತ್ತಿಕೊಂಡು ಹೋಗುತ್ತಾರೋ ಎನ್ನುವ ಹಾಗೆ.

"ಹಾಕು," ಅಂದಳು ಗೆಕ್ ಚೂ. ತನ್ನ ಬೆತ್ತದ ಕುರ್ಚಿಯಲ್ಲೇ ಹೋಗಿ ಕೂತಳು.

ಬೂನ್ ಲೈ ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದ. ಏಳು ಜನರ ಮುಂದೆ ಹಾಕುವುದಿಲ್ಲ ಎನ್ನುವ ಧೈರ್ಯ ಅವನಿಗೆ ಬರಲಿಲ್ಲ.

ತಾಳ, ಜಾಗಟೆ, ಅಂಚಿನ ಟಕ್ ಟಕ್. ಅದರ ಅಡಿಯಿಂದ ನಗಾರಿ ಎದ್ದು ಬಂತು. ಯಾವ ಮೂಲೆಯಿಂದಲೂ ಅಲ್ಲ, ಕೋಣೆಯೇ ನಗಾರಿಯಾದ ಹಾಗೆ. ಗೆಕ್ ಚೂ ಬೆತ್ತದ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದಳು. ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು. ಸೋಫಾದ ಮೇಲೆ ಯಾರೋ "ಎಷ್ಟು ಬಿಗಿಯಾಗಿದೆ ನೋಡು ಬೇಸು" ಎಂದು ಪಿಸುಗುಟ್ಟಿದ. ಅವರ ಕಿವಿಗೆ ಅದು ಅಷ್ಟೇ.

ಬಾರಿಸುವ ಗತಿ ಚುರುಕಾಯಿತು. ಕೈ ಬದಲಿಸುವ ಅಪ್ಪನ ವರಸೆ ಗೆಕ್ ಚೂಗೆ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಬಲ, ಎಡ, ಬಲ, ಎಡ. ಆಮೇಲೆ ಬಲ, ಬಲ. ನಡುವೆ ಒಂದು ಏಟು ಇರಲಿಲ್ಲ. ಮತ್ತೆ ಬಲ, ಎಡ. ಎಡದ್ದು ಕೋಲು ಕೈಯಿಂದ ತಾನಾಗಿ ಜಾರಿ ಬಿದ್ದ ಹಾಗೆ ಮೆತ್ತಗೆ. ಮತ್ತೆ ಬಲ, ಖಾಲಿ, ಬಲ. ಖಾಲಿಯಾದಲ್ಲೆಲ್ಲ ಬಲಗೈ ಅವಸರದಿಂದ ಅಂಚಿನ ಮೇಲೆ ಟಕ್ ಟಕ್ ಎಂದು ಹೆಚ್ಚಿಗೆ ಬಡಿದು ಮುಚ್ಚುತ್ತಿತ್ತು.

"ನೋಡಿದ್ರಾ?" ಬೂನ್ ಲೈ ಕುರ್ಚಿಯಿಂದ ಅರ್ಧ ಎದ್ದ. ಇಷ್ಟು ಹೊತ್ತಿಗೆ ಅವನಿಗೆ ಜೀವ ಬಂದಿತ್ತು. "ನೋಡಿದ್ರಾ ಎಲ್ರೂ? ನಡುನಡುವೆ ಬೇಸ್ ಹೋಗ್ತಿದೆ. ಮೂಲೇಲಿದ್ದಾಗ ಹಿಂಗಿರ್ಲಿಲ್ಲ. ಒಂದೇ ಸಮ ಗುಮ್ ಅಂತ ತುಂಬ್ಕೊಂಡಿರ್ತಿತ್ತು. ಹೆಂಗಸರ ಮಾತು ಕೇಳಿ ನನ್ನ ಸೆಟ್ಟಿಂಗ್ ಕೆಡಿಸಿದ್ರಿ."

ಊಯಿಯೂ ತಲೆ ಕೆರೆದುಕೊಂಡ. "ಹೌದು, ಎಲ್ಲೋ ಹಾರ್ತಿದೆ. ಕೇಬಲ್ ಸಡಿಲ ಇರ್ಬೇಕು."

ಕೇಬಲ್ ಸಡಿಲವಿರಲಿಲ್ಲ. ಹನ್ನೊಂದು ವರ್ಷ ಒಂದು ಏಟಿನ ಗುಮ್ಮು ಮುಂದಿನ ಏಟಿನವರೆಗೂ ಎಳೆದು, ನಡುವಿನ ಖಾಲಿಯನ್ನೆಲ್ಲ ತುಂಬಿಬಿಡುತ್ತಿತ್ತು. ಈಗ ಒಂದೊಂದು ಏಟೂ ಬಂದು ನಿಂತು ಹೋಗುತ್ತಿತ್ತು, ಬಾರದ ಏಟು ಬಾರದೆಯೇ ಉಳಿಯುತ್ತಿತ್ತು. ಗೆಕ್ ಚೂಗೆ ಆ ವರ್ಷದ ಅಪ್ಪ ಕಣ್ಣಮುಂದೆ ಬಂದ. ಊಟಕ್ಕೆ ಬಟ್ಟಲನ್ನು ಎಲ್ಲರಂತೆ ಎಡಗೈಯಲ್ಲಿ ಎತ್ತಿಕೊಳ್ಳದೆ ಮೇಜಿನ ಮೇಲೇ ಇಟ್ಟು, ಬಗ್ಗಿ ತಿನ್ನುತ್ತಿದ್ದ. ಮದುವೆ ಗೊತ್ತಾಗಿದ್ದ ಅವಳು, ಬೀಗರ ಮುಂದೆ ಹೀಗೆ ನಾಯಿಯ ಥರ ತಿನ್ನಬೇಡ ಎಂದು ರೇಗಿದ್ದಳು. ಅಪ್ಪ ನಕ್ಕುಬಿಟ್ಟಿದ್ದ. ಮೂರು ತಿಂಗಳಿಗೆ ಸತ್ತಾಗ ಎಲ್ಲರೂ ಇದ್ದಕ್ಕಿದ್ದಂತೆ ಹೋದ ಎಂದರು, ಅವಳೂ ಹಾಗೆಯೇ ಹೇಳಿಕೊಂಡು ಬಂದಿದ್ದಳು.

"ಬೇಸ್ ಎಲ್ಲೂ ಹೋಗಿಲ್ಲ," ಅಂದಳು. "ಅಪ್ಪನ ಎಡಗೈ ಸೋತಿದೆ."

ಯಾರಿಗೂ ಅದು ಅರ್ಥವಾದ ಹಾಗೆ ಕಾಣಲಿಲ್ಲ. ಬೂನ್ ಲೈ ರಿಮೋಟ್ ಎತ್ತಿಕೊಂಡು ಬೇಸನ್ನು ಎರಡು ಗೆರೆ ಏರಿಸಿದ, ಕೇಳಿದ, ಮತ್ತೆರಡು ಗೆರೆ ಏರಿಸಿದ. ಬಲಗೈಯ ಏಟಿಗೆ ಕಿಟಕಿಯ ಗಾಜು ಅದುರಿತು. ಎಡಗೈ ಮೇಲೇಳಲಿಲ್ಲ.